ಕಡಲು ಏರಿದಾಗ ತಳದ ಮಣ್ಣಿಗೆ ಏನಾಗುತ್ತದೆ: ಒಂದು ಕೋರನ್ನು ಬುಡದಿಂದ ಓದುವ ಬಗೆ

ಕಡಲ ತಳಕ್ಕೆ ಕೊಳವೆ ಇಳಿಸಿ ಎತ್ತಿ ತಂದ ಮಣ್ಣಿನ ಕಂಬ, ಅಂದರೆ ಒಂದು ಕೋರ್, ನಿಮ್ಮ ಮುಂದಿನ ಮೇಜಿನ ಮೇಲಿದೆ ಅಂದುಕೊಳ್ಳಿ. ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದದ ಪ್ಲಾಸ್ಟಿಕ್ ಕೊಳವೆ. ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ್ದಾರೆ. ಬುಡದಲ್ಲಿ ಕೆಂಚು ಜೇಡಿ, ಅದರ ಮೇಲೆ ಕಪ್ಪು ಪದರ, ಆಮೇಲೆ ಬೂದು ಕೆಸರು, ಒಡಕು ಚಿಪ್ಪು, ಮರಳು, ತುದಿಯಲ್ಲಿ ಹಸಿರು ಛಾಯೆಯ ಕೆಸರು. ಮೊದಲ ಸಲ ನೋಡುವವರಿಗೆ ಇದು ಬಗೆಬಗೆಯ ಮಣ್ಣು ಅಷ್ಟೇ. ಒಣನೆಲವೊಂದು ಕಡಲಿನ ಪಾಲಾದದ್ದು ಹೇಗೆ ಅನ್ನುವುದಕ್ಕೆ ಸಾಕ್ಷಿ ಇರುವುದು ಈ ಕೊಳವೆಯೊಳಗೇ.

ಆ ಸಾಕ್ಷಿಯನ್ನು ಹಂತಹಂತವಾಗಿ ಹೊರತೆಗೆಯುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ಭೂವಿಜ್ಞಾನ, ಸಾಗರವಿಜ್ಞಾನ ಓದುತ್ತಿರುವವರಿಗೆ ಇದು ನೇರ ಉಪಯೋಗಕ್ಕೆ ಬರುತ್ತದೆ. ಕರಾವಳಿಯ ಬಗ್ಗೆ ಕಾಳಜಿಯಿರುವ ಯಾರೂ ಓದಬಹುದು. ಬೇಕಾದದ್ದು ತಾಳ್ಮೆ ಮತ್ತು ಗುಣಾಕಾರ, ಭಾಗಾಕಾರ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ: ಏರುವ ಕಡಲು ಮಣ್ಣನ್ನು ಹರವುವುದಕ್ಕಿಂತ ಕೆರೆದು ಒಯ್ಯುವುದೇ ಹೆಚ್ಚು. ಹಾಗಾಗಿ ಕೋರಿನಲ್ಲಿ ಏನಿದೆ ಅನ್ನುವಷ್ಟೇ, ಇರಬೇಕಾದ್ದು ಏನು ಇಲ್ಲ ಅನ್ನುವುದನ್ನೂ ನೋಡಬೇಕು.

ಮುಂದೆ ಕೊಡುವ ಕೋರಿನ ಅಳತೆಗಳು ಅಭ್ಯಾಸಕ್ಕಾಗಿ ನಾನೇ ಹೊಂದಿಸಿದ ಮಾದರಿ. ಆದರೆ ಈ ಪದರಗಳ ಸರಣಿ ಜಗತ್ತಿನ ಎಷ್ಟೋ ಖಂಡಾವರಣ ಪ್ರದೇಶಗಳಲ್ಲಿ, ಅಂದರೆ ಖಂಡದ ಅಂಚಿನಿಂದ ಕಡಲೊಳಕ್ಕೆ ಚಾಚಿಕೊಂಡ ಆ ಕಡಿಮೆ ಆಳದ ಹರವಿನಲ್ಲಿ, ಕಾಣಸಿಗುವಂಥದ್ದು.

ಹಂತ 1: ಲೆಕ್ಕದಿಂದ ಶುರುಮಾಡಿ

ಸುಮಾರು 21,000 ವರ್ಷಗಳ ಹಿಂದೆ ಹಿಮಯುಗ ತನ್ನ ತುತ್ತತುದಿಯಲ್ಲಿತ್ತು. ಉತ್ತರ ಅಮೆರಿಕದ ಮೇಲೆ, ಉತ್ತರ ಯುರೋಪಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕೂತಿತ್ತು. ಅಷ್ಟೂ ನೀರು ಕಡಲಿನಿಂದಲೇ ಹೋದದ್ದು. ಆಗ ಕಡಲ ಮಟ್ಟ ಇಂದಿಗಿಂತ 120ರಿಂದ 130 ಮೀಟರ್ ಕೆಳಗಿತ್ತು. ಈಗ ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಡಿ: ಖಂಡಾವರಣದ ಹೊರ ಅಂಚು ಇರುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 130 ಮೀಟರ್ ಆಳದಲ್ಲಿ. ಅಂದರೆ ಅಂದಿನ ದಡ ಹೆಚ್ಚುಕಡಿಮೆ ಈ ಅಂಚಿನಲ್ಲೇ ಇತ್ತು. ಇಂದು ನೀರಡಿಯಲ್ಲಿರುವ ಈ ಹರವಿನ ಬಹುಪಾಲು ಆಗ ಬಯಲು. ನದಿಗಳು ಅದರ ಮೇಲೆ ಹರಿದವು, ಗಿಡಮರ ಬೆಳೆದವು, ಪ್ರಾಣಿಗಳು ಮೇದವು.

ಇನ್ನು ಇಳಿಜಾರು. ಖಂಡಾವರಣದ ಸರಾಸರಿ ಅಗಲ 80 ಕಿ.ಮೀ. ಆಸುಪಾಸು. 80 ಕಿ.ಮೀ. ನಡೆದರೆ 130 ಮೀಟರ್ ಇಳಿಯುತ್ತೀರಿ ಅಂದರೆ ಇಳಿಜಾರು ಸುಮಾರು 1:600. ಕಣ್ಣಿಗೆ ಅದು ಚಪ್ಪಟೆ ನೆಲ. ಅಂಥ ನೆಲದಲ್ಲಿ ಕಡಲು 1 ಮೀಟರ್ ಏರಿದರೆ ದಡ 600 ಮೀಟರ್ ಒಳಕ್ಕೆ ಸರಿಯುತ್ತದೆ.

ಸುಮಾರು 14,600 ವರ್ಷಗಳ ಹಿಂದೆ ಹಿಮ ಭರದಿಂದ ಕರಗಿದ ಒಂದು ಘಟ್ಟ ಬಂತು. ವಿಜ್ಞಾನಿಗಳು ಅದನ್ನು ಮೆಲ್ಟ್‌ವಾಟರ್ ಪಲ್ಸ್ 1ಎ ಎಂದು ಕರೆಯುತ್ತಾರೆ. ಆಗ ಕಡಲು ವರ್ಷಕ್ಕೆ 40 ಮಿಲಿಮೀಟರಿನ ಆಸುಪಾಸಿನಲ್ಲಿ ಏರಿತು. ನಮ್ಮ 1:600 ಇಳಿಜಾರಿನಲ್ಲಿ ಅದು ವರ್ಷಕ್ಕೆ 24 ಮೀಟರ್. ಅಜ್ಜ ದಡದಲ್ಲಿ ಗುಡಿಸಲು ಹಾಕಿದ್ದರೆ, ಐವತ್ತು ವರ್ಷ ಕಳೆದು ಮೊಮ್ಮಗ ನೋಡುವಾಗ ಆ ಜಾಗ ದಡದಿಂದ ಒಂದು ಕಿಲೋಮೀಟರಿಗೂ ಆಚೆ, ನೀರಿನೊಳಗೆ.

ಸುಮಾರು 7,000 ವರ್ಷಗಳ ಹಿಂದೆ ಈ ಓಟ ಬಹುಮಟ್ಟಿಗೆ ನಿಧಾನವಾಯಿತು. ಇಂದಿನ ಮುಖಜಭೂಮಿಗಳು, ಮರಳ ದಿಣ್ಣೆಗಳು, ಅಳಿವೆಗಳು ಬಹುಪಾಲು ಆಮೇಲೆ ರೂಪ ತಳೆದವು. ನಿಮ್ಮ ಕೋರ್ ಬಂದ ಜಾಗದ ಇಳಿಜಾರು ಎಷ್ಟು ಅನ್ನುವುದನ್ನು ಸಾಗರ ನಕ್ಷೆಯಿಂದ ತೆಗೆದು ಮೊದಲು ಬರೆದುಕೊಳ್ಳಿ. ಈ ಒಂದು ಸಂಖ್ಯೆ ಇಲ್ಲದೆ ಮುಂದೆ ಮಾಡುವ ಊಹೆಗಳಿಗೆ ಕಾಲಿರುವುದಿಲ್ಲ.

ಹಂತ 2: ಕೋರ್ ದಿಬ್ಬದ್ದೋ ಕಣಿವೆಯದ್ದೋ

ಕಡಲು ಕೆಳಗಿದ್ದಾಗ ನದಿಗಳು ಬಯಲಾದ ಖಂಡಾವರಣವನ್ನು ಕೊರೆದು ಕಣಿವೆ ಮಾಡಿದವು. ಕಡಲು ಏರಿ ಬಂದಾಗ ಮೊದಲು ಮುಳುಗಿದ್ದು ಈ ಕಣಿವೆಗಳೇ. ತಗ್ಗಾದ್ದರಿಂದ ಅವುಗಳಲ್ಲಿ ಕೆಸರು ದಪ್ಪನಾಗಿ ಕೂತಿತು. ಆಮೇಲೆ ಅಲೆಗಳು ಮೇಲ್ಮೈಯನ್ನು ಕೆರೆಯುತ್ತ ಬಂದವು. ದಿಬ್ಬದ ಮೇಲಿದ್ದದ್ದು ಹೋಯಿತು, ಕಣಿವೆಯ ತಳದಲ್ಲಿದ್ದದ್ದು ಉಳಿಯಿತು. ಅಮೆರಿಕದ ಟೆಕ್ಸಾಸ್ ಕರಾವಳಿಯಾಚೆ ಟ್ರಿನಿಟಿ ಮತ್ತು ಸಬೀನ್ ನದಿಗಳ ಮುಳುಗಿದ ಕಣಿವೆಯನ್ನು ಭೂವಿಜ್ಞಾನಿಗಳು ಇದೇ ಕಾರಣಕ್ಕೆ ಇಂಚಿಂಚೂ ಅಳೆದಿದ್ದಾರೆ. ಆಗ್ನೇಯ ಏಷ್ಯಾದ ಸುಂಡಾ ಖಂಡಾವರಣದಲ್ಲೂ ಮುಳುಗಿದ ದೊಡ್ಡ ನದಿಗಳ ಜಾಲವೇ ಇದೆ.

ಕಣಿವೆಯ ಜಾಡು ಸಿಗುವುದು ಶಬ್ದ ತರಂಗದ ಚಿತ್ರಗಳಲ್ಲಿ. ಹಡಗಿನಿಂದ ತಳಕ್ಕೆ ಶಬ್ದ ಕಳಿಸಿ, ಪದರಗಳಿಂದ ಮರಳುವ ಸದ್ದನ್ನು ಹಿಡಿದರೆ ತಳದ ಕೆಳಗಿನ ಹತ್ತಾರು ಮೀಟರಿನ ಸೀಳುನೋಟ ಸಿಗುತ್ತದೆ. ಅದರಲ್ಲಿ ಬಾಣಲೆಯಂತೆ ತಗ್ಗಾದ ಗೆರೆ ಕಂಡರೆ, ಅದರೊಳಗೆ ಅಡ್ಡ ಪದರಗಳು ತುಂಬಿದ್ದರೆ, ಅದು ಹಳೆಯ ಕಣಿವೆ. ಅಂಥ ಚಿತ್ರ ಇಲ್ಲದ ಕೋರನ್ನು ಓದಲೇಬಾರದು ಅನ್ನುವುದಿಲ್ಲ. ಆದರೆ ದಿಬ್ಬದ ಮೇಲಿನ ಕೋರಿನಲ್ಲಿ ಪದರ ತೆಳುವಾಗಿದೆ ಎಂದು ಕಂಡು, ಇಲ್ಲಿ ಹೆಚ್ಚೇನೂ ನಡೆದಿಲ್ಲ ಎಂದು ತೀರ್ಮಾನಿಸಬೇಡಿ. ನಡೆದದ್ದು ಉಳಿದಿಲ್ಲ, ಅಷ್ಟೇ.

ಹಂತ 3: ಬುಡದಿಂದ ಮೇಲಕ್ಕೆ ಬರೆಯಿರಿ, ಹೆಸರಿಡಬೇಡಿ

ಹೊಸಬರು ಮಾಡುವ ತಪ್ಪು ಇದು: ಕೋರ್ ನೋಡಿದ ಕೂಡಲೇ “ಇದು ಅಳಿವೆ, ಇದು ಬೀಚು” ಎಂದು ಪುಸ್ತಕದಲ್ಲಿ ಗೀಚಿಬಿಡುತ್ತಾರೆ. ಆಮೇಲೆ ಕಣ್ಣು ಆ ಹೆಸರಿಗೆ ತಕ್ಕದ್ದನ್ನೇ ಹುಡುಕುತ್ತದೆ. ಮೊದಲು ಬಣ್ಣ, ಕಣದ ಗಾತ್ರ, ಗಟ್ಟಿತನ, ಚಿಪ್ಪು, ಬೇರು, ಬಿಲ, ಪದರಗಳ ಅಂಚು, ಇಷ್ಟನ್ನೇ ಬರೆಯಿರಿ. ಬುಡದಿಂದಲೇ ಶುರುಮಾಡಿ, ಏಕೆಂದರೆ ಕಾಲ ನಡೆದದ್ದು ಆ ದಿಕ್ಕಿನಲ್ಲಿ.

ಕಣದ ಗಾತ್ರಕ್ಕೆ ಮೂರು ಗಡಿ ನೆನಪಿರಲಿ. 2 ಮಿ.ಮೀ.ಗಿಂತ ದೊಡ್ಡದು ಗರಸು, ಉರುಟುಗಲ್ಲು. 2ರಿಂದ 0.063 ಮಿ.ಮೀ. ತನಕ ಮರಳು. ಅದಕ್ಕೂ ಸಣ್ಣದು ಕೆಸರು, ಅದರಲ್ಲಿ 0.004 ಮಿ.ಮೀ.ಗಿಂತ ನುಣುಪಾದದ್ದು ಜೇಡಿ, ನಡುವಿನದು ರೇವೆ. ಬೆರಳಿಗೆ ರೇವೆ ಮತ್ತು ಜೇಡಿಯ ವ್ಯತ್ಯಾಸ ಸುಲಭಕ್ಕೆ ಗೊತ್ತಾಗುವುದಿಲ್ಲ. ಭೂವಿಜ್ಞಾನಿಗಳು ತಲೆಮಾರುಗಳಿಂದ ಮಾಡುತ್ತ ಬಂದ ಉಪಾಯವೆಂದರೆ ಚಿಟಿಕೆಯನ್ನು ಮುಂದಿನ ಹಲ್ಲುಗಳ ನಡುವೆ ಉಜ್ಜುವುದು: ಕರಕರ ಅಂದರೆ ರೇವೆ ಇದೆ, ಬೆಣ್ಣೆಯಂತೆ ಜಾರಿದರೆ ಜೇಡಿ. ಕೊಳಕು ನೀರು ಸೇರುವ ಜಾಗದ ಕೆಸರಿಗೆ ಮಾತ್ರ ಈ ಉಪಾಯ ಬೇಡ.

ನಮ್ಮ ಮಾದರಿ ಕೋರ್ 38 ಮೀಟರ್ ನೀರಿನಾಳದಿಂದ ಬಂದದ್ದು, ಉದ್ದ 420 ಸೆಂ.ಮೀ. ಅಳತೆ ಮೇಲಿನ ತುದಿಯಿಂದ. ಬುಡದಿಂದ ನೋಡುತ್ತ ಬಂದರೆ:

420ರಿಂದ 310: ಕೆಂಚು ಬಣ್ಣದ ಬಿಗಿಯಾದ ಜೇಡಿ, ಅಲ್ಲಲ್ಲಿ ಬೂದು ಮಚ್ಚೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳುವುದೇ ಕಷ್ಟ. ಚಿಪ್ಪಿಲ್ಲ.
310ರಿಂದ 272: ಕಪ್ಪು, ನಾರುನಾರಾದ ಪದರ. ಎಳೆದರೆ ಎಳೆ ಬಿಚ್ಚಿಕೊಳ್ಳುತ್ತದೆ. ಬೇರುಗಳು ಕೆಳಗಿನ ಜೇಡಿಗೆ ಇಳಿದಿವೆ.
272ರಿಂದ 205: ಬೂದು ಕೆಸರು, ನಡುನಡುವೆ ಕೂದಲೆಳೆಯಷ್ಟು ತೆಳು ಮರಳ ಗೆರೆಗಳು. ಇಡೀ ಉಳಿದ ಸಣ್ಣ ಕಪ್ಪೆಚಿಪ್ಪುಗಳು. ಕೊಳೆತ ಮೊಟ್ಟೆಯ ವಾಸನೆ.
205: ಚಾಕುವಿನಲ್ಲಿ ಕೊಯ್ದಂಥ ಗೆರೆ.
205ರಿಂದ 188: ಒಡಕು ಚಿಪ್ಪು, ಗರಸು, ಕೆಸರಿನ ಉಂಡೆಗಳು, ಒರಟು ಮರಳು, ಎಲ್ಲ ಕಲಬೆರಕೆ.
188ರಿಂದ 60: ಮರಳು, ಮೇಲೆ ಹೋದಂತೆ ನುಣುಪಾಗುತ್ತದೆ.
60ರಿಂದ 0: ಹಸಿರು ಛಾಯೆಯ ಬೂದು ಕೆಸರು, ಸೂಜಿಮೊನೆಯಷ್ಟು ಸಣ್ಣ ಚಿಪ್ಪುಗಳು.

ಈಗ ಹೆಸರಿಡಬಹುದು. ಬುಡದ ಜೇಡಿ ಗಾಳಿಗೆ ಬಿಸಿಲಿಗೆ ತೆರೆದಿದ್ದ ನೆಲ. ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿದೆ. ಕಪ್ಪು ಪದರ ಪೀಟ್, ಅಂದರೆ ಜವುಗಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಸಸ್ಯಗಳ ರಾಶಿ. ಕಡಲು ಹತ್ತಿರ ಬಂದಂತೆ ನೆಲದೊಳಗಿನ ನೀರಿನ ಮಟ್ಟವೂ ಏರಿ, ಒಣನೆಲ ಮೊದಲು ಜವುಗಾಗುತ್ತದೆ. ಬೂದು ಕೆಸರು ಅಳಿವೆಯದ್ದು ಅಥವಾ ದಡದುದ್ದಕ್ಕೂ ಚಾಚಿದ ಮರಳ ದಿಣ್ಣೆಯ ಹಿಂದಿನ ಹಿನ್ನೀರಿನದ್ದು. ಆ ತೆಳು ಮರಳ ಗೆರೆಗಳು ಉಬ್ಬರವಿಳಿತದ ಹೆಜ್ಜೆಗುರುತು. ಮೇಲಿನ ಮರಳು ಮತ್ತು ಹಸಿರು ಕೆಸರು ತೆರೆದ ಕಡಲಿನವು.

ಪೀಟ್ ಪದರದ ಬಗ್ಗೆ ಒಂದು ನೆನಪು. 1931ರಲ್ಲಿ ಉತ್ತರ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ ಕೊಲಿಂಡಾ ಎಂಬ ಟ್ರಾಲರಿನ ಬಲೆಗೆ ಪೀಟಿನ ಹೆಂಟೆಯೊಂದು ಸಿಕ್ಕಿತು. ಅದನ್ನು ಒಡೆದಾಗ ಒಳಗಿದ್ದದ್ದು ಜಿಂಕೆಯ ಕೊಂಬಿನಲ್ಲಿ ಕೆತ್ತಿದ, ಒಂದು ಬದಿಗೆ ಮುಳ್ಳುಮುಳ್ಳಾದ ಈಟಿಯ ಮೊನೆ. ಬ್ರಿಟನ್ನಿಗೂ ಯುರೋಪಿಗೂ ನಡುವೆ ಇಂದು ಹಡಗು ಓಡಾಡುವ ಆ ಜಾಗದಲ್ಲಿ ಮನುಷ್ಯರು ಬೇಟೆಯಾಡಿಕೊಂಡು ಬದುಕಿದ್ದರು. ಆ ಮುಳುಗಿದ ನಾಡಿಗೆ ಈಗ ಡಾಗರ್‌ಲ್ಯಾಂಡ್ ಎಂಬ ಹೆಸರಿದೆ. ಕೋರಿನಲ್ಲಿ ಪೀಟ್ ಕಂಡಾಗಲೆಲ್ಲ ನನಗೆ ಆ ಹೆಂಟೆ ನೆನಪಾಗುತ್ತದೆ, ಕೈ ತಾನಾಗಿ ನಿಧಾನವಾಗುತ್ತದೆ.

ಹಂತ 4: ಗೆರೆಯ ಮುಂದೆ ನಿಲ್ಲಿ

ಇಡೀ ಕೋರಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು 205 ಸೆಂ.ಮೀ.ನ ಆ ಗೆರೆಗೆ. ದಪ್ಪವೇ ಇಲ್ಲದ ಈ ಗೆರೆಯಲ್ಲಿ ನೂರಾರು ಅಥವಾ ಸಾವಿರಾರು ವರ್ಷ ಅಡಗಿರಬಹುದು.

ಅದು ಆದದ್ದು ಹೀಗೆ. ದಡದ ಮುಂದೆ ಅಲೆ ಒಡೆಯುವ ಇಳಿಜಾರಿದೆಯಲ್ಲ, ಅಲ್ಲಿ ಅಲೆಗಳು ತಳವನ್ನು ಸದಾ ಉಜ್ಜುತ್ತಿರುತ್ತವೆ. ಕಡಲು ಏರಿ ದಡ ಒಳಕ್ಕೆ ಸರಿದಂತೆ ಈ ಉಜ್ಜುವ ವಲಯವೂ ಜೊತೆಗೇ ಸರಿಯುತ್ತದೆ. ಬಡಗಿಯ ಕೈಯ ಉಜ್ಜುಗೊರಡು ಹಲಗೆಯ ಮೇಲೆ ಓಡಿದ ಹಾಗೆ, ಅದು ದಾಟಿದಲ್ಲೆಲ್ಲ ಮೇಲಿನ ಕೆಲವು ಮೀಟರ್ ಮಣ್ಣನ್ನು ಎಬ್ಬಿಸಿಕೊಂಡು ಹೋಗುತ್ತದೆ. ನುಣುಪು ಕಣಗಳು ಆಳಕ್ಕೋ ಅಳಿವೆಗೋ ತೇಲಿ ಹೋಗುತ್ತವೆ. ಒಯ್ಯಲಾಗದ ಗರಸು, ಚಿಪ್ಪು ಅಲ್ಲೇ ಉಳಿಯುತ್ತವೆ. 188ರಿಂದ 205ರ ನಡುವಿನ ಕಲಬೆರಕೆ ಅದೇ: ಕಡಲು ಜರಡಿ ಹಿಡಿದು ಬಿಟ್ಟ ಉಳಿಕೆ. ಇಂಥ ಕೊರೆತದ ಮೇಲ್ಮೈಗೆ 1921ರಲ್ಲಿ ಬ್ರಿಟನ್ನಿನ ಭೂಗೋಳತಜ್ಞ ಡಡ್ಲಿ ಸ್ಟ್ಯಾಂಪ್ ಕೊಟ್ಟ ಹೆಸರು ರವೀನ್‌ಮೆಂಟ್.

ಈಗ ಲೆನ್ಸ್ ತೆಗೆದುಕೊಂಡು ಗೆರೆಯ ಕೆಳಗೆ ನೋಡಿ. ಬೂದು ಕೆಸರಿನೊಳಕ್ಕೆ ಬೆರಳಿನಷ್ಟು ದಪ್ಪದ ಬಿಲಗಳು ಇಳಿದಿವೆ. ಅವುಗಳೊಳಗೆ ತುಂಬಿರುವುದು ಕೆಸರಲ್ಲ, ಮೇಲಿನ ಪದರದ ಒರಟು ಮರಳು, ಚಿಪ್ಪಿನ ಚೂರು. ಬಿಲದ ಗೋಡೆ ಚೂಪಾಗಿ ನಿಂತಿದೆ, ಕುಸಿದಿಲ್ಲ. ಇದರಲ್ಲೇನು ವಿಶೇಷ? ಹಸಿ ಕೆಸರಿನಲ್ಲಿ ಏಡಿಯೋ ಸಿಗಡಿಯೋ ಬಿಲ ತೋಡಿ ಬಿಟ್ಟುಹೋದರೆ ಅದು ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ತೆರೆದು ನಿಂತು, ಆಮೇಲೆ ಮೇಲಿಂದ ಮರಳು ಬಿದ್ದು ತುಂಬಬೇಕಾದರೆ ಕೆಸರು ಆಗಲೇ ಬಿಗಿಯಾಗಿರಬೇಕು. ಬಿಗಿಯಾಗಬೇಕಾದರೆ ಅದರ ಮೇಲೆ ಮೀಟರುಗಟ್ಟಲೆ ಮಣ್ಣು ಕೂತು ಒತ್ತಿರಬೇಕು. ಆ ಮಣ್ಣು ಈಗ ಕೋರಿನಲ್ಲಿ ಎಲ್ಲಿದೆ? ಇಲ್ಲ. ಅಲೆ ಒಯ್ದ ಮಣ್ಣಿಗೆ ಈ ಪುಟ್ಟ ಬಿಲವೇ ಸಾಕ್ಷಿ.

ಎಚ್ಚರ ಇನ್ನೊಂದಿದೆ. ಈ ಗೆರೆ ಖಂಡಾವರಣದ ಉದ್ದಗಲಕ್ಕೂ ಒಂದೇ ಗೆರೆಯಾಗಿ ಕಾಣುತ್ತದೆ, ಆದರೆ ಅದಕ್ಕೆ ಒಂದೇ ವಯಸ್ಸಿಲ್ಲ. ಹೊರ ಅಂಚಿನಲ್ಲಿ ಅದು ಹಳೆಯದು, ದಡದತ್ತ ಬಂದಂತೆ ಎಳೆಯದು. ಇಂದಿನ ಬೀಚಿನ ಮುಂದೆ ಅದು ಈಗಲೂ ಕೊರೆಯುತ್ತಲೇ ಇದೆ. ಎರಡು ದೂರದ ಕೋರುಗಳಲ್ಲಿ ಗೆರೆ ಕಂಡು “ಒಂದೇ ಕಾಲದ್ದು” ಎಂದು ಜೋಡಿಸಿಬಿಡಬೇಡಿ.

ಹಂತ 5: ಬೀಚು ಎಲ್ಲಿ ಹೋಯಿತು?

1894ರಲ್ಲಿ ಜರ್ಮನಿಯ ಭೂವಿಜ್ಞಾನಿ ಯೊಹಾನೆಸ್ ವಾಲ್ಟರ್ ಒಂದು ಸರಳ ನಿಯಮ ಹೇಳಿದ: ನೆಲದ ಮೇಲೆ ಅಕ್ಕಪಕ್ಕ ಇರುವ ಪರಿಸರಗಳೇ, ದಡ ಸರಿದಂತೆ, ಒಂದರ ಮೇಲೊಂದು ಪದರವಾಗಿ ಕೂರುತ್ತವೆ. ಹಾಗಾದರೆ ನಮ್ಮ ಕೋರಿನಲ್ಲಿ ಜವುಗು, ಹಿನ್ನೀರು, ಮರಳ ದಿಣ್ಣೆ, ಬೀಚು, ಬೀಚಿನ ಮುಂದಿನ ಇಳಿಜಾರು, ತೆರೆದ ಕಡಲು, ಹೀಗೆ ಬರಬೇಕಿತ್ತು. ಜವುಗಿದೆ, ಹಿನ್ನೀರಿದೆ, ತೆರೆದ ಕಡಲಿದೆ. ದಿಣ್ಣೆ ಮತ್ತು ಬೀಚು ಎರಡೂ ಇಲ್ಲ.

ವಾಲ್ಟರ್ ತಪ್ಪಲ್ಲ. ಆ ನಿಯಮ ನಡೆಯುವುದು ನಡುವೆ ಕೊರೆತ ಇಲ್ಲದಿದ್ದಾಗ ಮಾತ್ರ. ಕಡಲೇರಿಕೆಯಲ್ಲಿ ದಡದ ಮರಳು ಸಾಮಾನ್ಯವಾಗಿ ಉಳಿಯುವುದೇ ಇಲ್ಲ. ಅದು ಅಲೆಯ ಜೊತೆ ಒಳಕ್ಕೆ ಉರುಳುತ್ತ ಹೋಗುತ್ತದೆ, ಅಥವಾ ತೆಳುವಾಗಿ ಹರಡಿ 188ರಿಂದ 60ರ ತನಕದ ಆ ಮರಳ ಹಾಸಾಗುತ್ತದೆ.

ಆದರೂ ಕೆಲವೊಮ್ಮೆ ದಿಣ್ಣೆ ಇದ್ದಲ್ಲೇ ಮುಳುಗಿ ಉಳಿಯುತ್ತದೆ. ಏರಿಕೆ ಭಾರಿ ವೇಗದ್ದಾದರೆ ಅಲೆಗಳಿಗೆ ದಿಣ್ಣೆಯನ್ನು ಪೂರ್ತಿ ಕೆರೆಯಲು ಪುರಸೊತ್ತಿರುವುದಿಲ್ಲ. ದಡ ಒಂದೇ ಜಿಗಿತಕ್ಕೆ ಒಳಗೆ ಹೋಗಿಬಿಡುತ್ತದೆ. ದಿಣ್ಣೆಯಲ್ಲಿ ಮರಳು ಹೇರಳವಾಗಿದ್ದಾಗಲೂ, ಅದು ಗಟ್ಟಿ ಕಲ್ಲಾಗಿಬಿಟ್ಟಾಗಲೂ ಅದರ ಬುಡ ಉಳಿಯುತ್ತದೆ. ಅಮೆರಿಕದ ಲೂಸಿಯಾನಾ ಕರಾವಳಿಯ ಆಚೆಗಿರುವ ಶಿಪ್ ಶೋಲ್ ಹೀಗೆ ಮುಳುಗಿದ ದಿಣ್ಣೆಯ ಪಳೆಯುಳಿಕೆ. ಮಿಸಿಸಿಪ್ಪಿ ನದಿ ಬೇರೆ ದಾರಿ ಹಿಡಿದಾಗ ಹಳೆಯ ಮುಖಜಭೂಮಿ ಕುಸಿಯುತ್ತ ಹೋಗಿ ಅದರ ಅಂಚಿನ ಮರಳು ನೀರಡಿ ಸೇರಿತು. ಟೆಕ್ಸಾಸ್ ಆಚೆಯ ಸಬೀನ್ ಬ್ಯಾಂಕ್, ಹೀಲ್ಡ್ ಬ್ಯಾಂಕ್‌ಗಳೂ ಹಳೆಯ ದಡಗಳ ಗುರುತೇ.

ಹಿನ್ನೀರು ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಫೊರಾಮಿನಿಫೆರಾಗಳನ್ನು, ಅಂದರೆ ಕವಚವಿರುವ ಒಂಟಿಕೋಶದ ಸೂಕ್ಷ್ಮಜೀವಿಗಳನ್ನು, ಕೇಳಿ. ಒಂದು ಚಮಚ ಕೆಸರನ್ನು 0.063 ಮಿ.ಮೀ. ಜರಡಿಯಲ್ಲಿ ತೊಳೆದು ಸೂಕ್ಷ್ಮದರ್ಶಕದಡಿ ಇಡಿ. ಮರಳ ಕಣಗಳನ್ನೇ ಅಂಟಿಸಿ ಕವಚ ಕಟ್ಟಿಕೊಂಡ ಟ್ರೊಕಾಮಿನಾದಂಥವು ಹೆಚ್ಚಿದ್ದರೆ ಅದು ಉಪ್ಪುಜವುಗು. ಅಮೋನಿಯಾ ಎಂಬ ಕುಲದ ಸುರುಳಿ ಚಿಪ್ಪುಗಳೇ ತುಂಬಿದ್ದರೆ ಅಳಿವೆ, ಹಿನ್ನೀರು. ನೀರಿನಲ್ಲಿ ತೇಲುವ ಜಾತಿಗಳು ಹೆಚ್ಚುತ್ತ ಹೋದರೆ ನೀವು ತೆರೆದ ಕಡಲಿನತ್ತ ಹೋಗುತ್ತಿದ್ದೀರಿ.

ಹಂತ 6: ಪೈಪೋಟಿಯಲ್ಲಿ ಗೆದ್ದವರು ಯಾರು?

ಕಡಲು ಏರಿತು ಅಂದಮಾತ್ರಕ್ಕೆ ದಡ ಹಿಂದೆ ಸರಿಯಲೇಬೇಕೆಂದಿಲ್ಲ. ನದಿ ತರುವ ಹೂಳು ಏರಿಕೆಯನ್ನು ಮೀರಿಸಿದರೆ ದಡ ಮುಂದಕ್ಕೇ ಹೋಗುತ್ತದೆ. ಗಂಗಾ-ಬ್ರಹ್ಮಪುತ್ರ ಮುಖಜಭೂಮಿ ಕಟ್ಟಿಕೊಳ್ಳಲು ಶುರುವಾದದ್ದು ಸುಮಾರು 11,000 ವರ್ಷಗಳ ಹಿಂದೆ, ಕಡಲು ಇನ್ನೂ ವೇಗವಾಗಿ ಏರುತ್ತಿದ್ದ ಕಾಲದಲ್ಲೇ. ಹಿಮಾಲಯದಿಂದ ಅಷ್ಟು ಹೂಳು ಬರುತ್ತಿತ್ತು.

ಹೆಚ್ಚಿನ ನದಿಗಳಿಗೆ ಆ ಶಕ್ತಿಯಿಲ್ಲ. ಅವುಗಳ ಬಾಯಿ ಮುಳುಗಿ ಅಳಿವೆಯಾಗುತ್ತದೆ, ಮತ್ತು ಅಳಿವೆ ಹೂಳಿನ ಬಲೆ. ನದಿಯ ನೀರು ಉಪ್ಪುನೀರಿಗೆ ತಾಗಿದ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಕೆಳಗೆ ಬೀಳುತ್ತವೆ. ಅಮೆರಿಕದ ಸಸ್ಕ್ವೆಹಾನಾ ನದಿಯ ಕಣಿವೆ ಮುಳುಗಿ ಆದ ಚೆಸಾಪೀಕ್ ಕೊಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ: ನದಿಯ ಹೂಳಿನ ಬಹುಪಾಲು ಕೊಲ್ಲಿಯಲ್ಲೇ ನಿಲ್ಲುತ್ತದೆ, ಹೊರಗಿನ ಖಂಡಾವರಣಕ್ಕೆ ತಲುಪುವುದು ಅತ್ಯಲ್ಪ.

ನಿಮ್ಮ ಕೋರಿನ ತುದಿಯಲ್ಲಿ ಇದರ ಗುರುತು ಹುಡುಕಿ. ಹಸಿರು ಛಾಯೆ ಕೊಡುವ ಗ್ಲಾಕೊನೈಟ್ ಎಂಬ ಖನಿಜದ ಕಣಗಳು ರೂಪುಗೊಳ್ಳುವುದು ಹೂಳು ಬೀಳುವುದು ತೀರ ನಿಧಾನವಾದಾಗ, ಸಾವಿರಾರು ವರ್ಷ ಹಿಡಿದು. ಅವು ದಟ್ಟವಾಗಿದ್ದು ಪದರ ತೆಳುವಾಗಿದ್ದರೆ ಆ ಕಾಲದಲ್ಲಿ ಖಂಡಾವರಣ ಹೂಳಿಗೆ ಹಸಿದಿತ್ತು. ಆದರೆ ಹಸಿರು ಕಂಡಲ್ಲೆಲ್ಲ ಗ್ಲಾಕೊನೈಟ್ ಅಲ್ಲ. ಆಮ್ಲಜನಕ ಕಡಿಮೆಯಿದ್ದ ಕೆಸರೂ ಹಸಿರಾಗುತ್ತದೆ. ಲೆನ್ಸಿನಡಿ ಕಡುಹಸಿರು, ದುಂಡನೆಯ, ಮರಳಿನಷ್ಟು ದೊಡ್ಡ ಕಣಗಳು ಕಂಡರೆ ಮಾತ್ರ ಹಾಗೆ ಬರೆಯಿರಿ.

ಹಂತ 7: ಈ ಮರಳು ಇಂದಿನದೋ ಅಂದಿನದೋ

ದಡದಿಂದ ದೂರ ಹೋದಂತೆ ಕಣ ನುಣುಪಾಗಬೇಕು ಎಂದು ಶಾಲೆಯಲ್ಲಿ ಓದುತ್ತೇವೆ. ಖಂಡಾವರಣದ ನಕ್ಷೆ ತೆಗೆದರೆ ಹಲವೆಡೆ ಉಲ್ಟಾ: ಒಳಗೆ ಕೆಸರು, ಹೊರಗೆ ಮರಳು. ಭಾರತದ ಪಶ್ಚಿಮ ಖಂಡಾವರಣದಲ್ಲಿ ಹೊರಭಾಗದಲ್ಲಿರುವುದು ಹೆಚ್ಚಾಗಿ ಸುಣ್ಣದ ಅಂಶದ ಹಳೆಯ ಮರಳು. ಮುಂಬೈ ಆಚೆಯ ಫಿಫ್ಟಿ ಫ್ಯಾದಂ ಫ್ಲಾಟ್ ಇಂಥದೇ ಹರವು. ಕಡಲು ಕೆಳಗಿದ್ದಾಗ ದಡದ ಬಳಿ ಕೂತ ಮರಳು ಅದು. ಆಮೇಲೆ ಅದನ್ನು ಮುಚ್ಚುವಷ್ಟು ಕೆಸರು ಅಲ್ಲಿಗೆ ತಲುಪಲೇ ಇಲ್ಲ. ಜಗತ್ತಿನ ಖಂಡಾವರಣಗಳ ಸುಮಾರು 70 ಶೇಕಡಾ ಭಾಗದ ಮೇಲೆ ಇಂಥ ಹಳೆಯ ಉಳಿಕೆಯೇ ಇದೆ ಎಂದು ಅಮೆರಿಕದ ಸಾಗರ ಭೂವಿಜ್ಞಾನಿ ಕೆ. ಓ. ಎಮರಿ 1968ರಲ್ಲಿ ಲೆಕ್ಕ ಹಾಕಿದರು. ಆಮೇಲೆ ಬಂದವರು ಅದನ್ನು ತಿದ್ದಿದರು: ಹಳೆಯ ಮರಳೂ ಸುಮ್ಮನೆ ಬಿದ್ದಿಲ್ಲ, ಇಂದಿನ ಬಿರುಗಾಳಿಯ ಅಲೆಗಳು ಅದನ್ನು ಮತ್ತೆ ಮತ್ತೆ ಅಲುಗಿಸುತ್ತವೆ. ಸರಿಯಾಗಿ ಒರೆಸದ ಸ್ಲೇಟಿನ ಮೇಲೆ ಹೊಸದಾಗಿ ಬರೆದ ಹಾಗೆ, ಎರಡು ಕಾಲದ ಅಕ್ಷರ ಒಟ್ಟಿಗೇ ಕಾಣುತ್ತವೆ.

ನಿಮ್ಮ ಜಾಗದಲ್ಲಿ ಅಲೆ ತಳಕ್ಕೆ ತಾಗುತ್ತದೋ ಇಲ್ಲವೋ ನೋಡಲು ಸುಲಭ ಲೆಕ್ಕವಿದೆ. ಎರಡು ಅಲೆಗಳ ನಡುವಿನ ಸಮಯವನ್ನು ಸೆಕೆಂಡಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 1.56ರಿಂದ ಮತ್ತೆ ಗುಣಿಸಿ. ಆಳನೀರಿನಲ್ಲಿ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಅದರ ಅರ್ಧದಷ್ಟು ಆಳದವರೆಗೆ ಅಲೆಯ ಅಲುಗಾಟ ಇರುತ್ತದೆ. 6 ಸೆಕೆಂಡಿನ ಅಲೆಗೆ ಉದ್ದ 56 ಮೀಟರ್, ಅರ್ಧ 28; ನಮ್ಮ 38 ಮೀಟರಿನ ತಳಕ್ಕೆ ಅದು ತಾಗದು. 10 ಸೆಕೆಂಡಿನ ಅಲೆಗೆ 156, ಅರ್ಧ 78, ತಾಗುತ್ತದೆ. ಇದು ಹೊರಗಿನ ಮಿತಿ ಮಾತ್ರ ಎಂಬುದು ನೆನಪಿರಲಿ: ತಾಗಿದ ಮಾತ್ರಕ್ಕೆ ಮರಳು ಏಳುವುದಿಲ್ಲ, ಅಲೆಯ ಎತ್ತರವೂ ಬೇಕು. ಇನ್ನೊಂದು, ನುಣುಪು ಮರಳು ಸುಲಭಕ್ಕೆ ಏಳುತ್ತದೆ, ಬಿಗಿಯಾದ ಜೇಡಿ ಏಳುವುದಿಲ್ಲ. ಕಣ ಸಣ್ಣದಾದಷ್ಟೂ ಹಗುರ ಎಂಬ ಊಹೆ ಇಲ್ಲಿ ಕೈಕೊಡುತ್ತದೆ.

ಹಂತ 8: ವಯಸ್ಸು ಕೇಳುವ ಮೊದಲು ಮಾದರಿ ಆರಿಸಿ

ಹಳೆಯ ಚಿಪ್ಪು, ಸಸ್ಯಗಳ ವಯಸ್ಸು ಹೇಳುವ ಕಾರ್ಬನ್-14 ಪರೀಕ್ಷೆ ಸುಮಾರು 50,000 ವರ್ಷಗಳ ತನಕ ನಡೆಯುತ್ತದೆ, ನಮ್ಮ ಕತೆಗೆ ಧಾರಾಳ. ತಪ್ಪಾಗುವುದು ಪ್ರಯೋಗಾಲಯದಲ್ಲಲ್ಲ, ಮಾದರಿ ಆರಿಸುವಲ್ಲಿ. 188ರಿಂದ 205ರ ನಡುವಿನ ಒಡಕು ಚಿಪ್ಪನ್ನು ಕಳಿಸಬೇಡಿ. ಅದು ಎಲ್ಲೆಲ್ಲಿಂದಲೋ ಕಿತ್ತು ಬಂದು ಸೇರಿದ್ದು. ಸಿಗುವ ವಯಸ್ಸು ಚಿಪ್ಪಿನದೇ ಹೊರತು ಪದರದ್ದಲ್ಲ. ಎರಡೂ ಹೋಳು ಜೋಡಿಯಾಗಿಯೇ ಇರುವ, ಬದುಕಿದ ಭಂಗಿಯಲ್ಲೇ ಕೂತ ಕಪ್ಪೆಚಿಪ್ಪು ನಂಬಿಕಸ್ಥ. ಕಡಲ ಚಿಪ್ಪುಗಳು ತಮ್ಮ ನಿಜ ವಯಸ್ಸಿಗಿಂತ ಕೆಲವು ನೂರು ವರ್ಷ ಹಳೆಯವಾಗಿ ತೋರುತ್ತವೆ, ಏಕೆಂದರೆ ಕಡಲ ನೀರಿನ ಕಾರ್ಬನ್ನೇ ಹಳೆಯದು. ಆ ತಿದ್ದುಪಡಿ ಮರೆಯಬೇಡಿ.

ಕಡಲ ಮಟ್ಟಕ್ಕೆ ಎಲ್ಲಕ್ಕಿಂತ ಒಳ್ಳೆಯ ಮಾದರಿ ಗಟ್ಟಿ ನೆಲದ ಮೇಲೆ ನೇರವಾಗಿ ಕೂತ ಪೀಟಿನ ಬುಡ. ಮೆತ್ತನೆ ಕೆಸರಿನ ಮೇಲಿನ ಪೀಟ್ ಕಾಲಕ್ರಮೇಣ ಕುಸಿಯುತ್ತದೆ. ಬಿಗಿ ಜೇಡಿಯ ಮೇಲಿನದು ಕುಸಿಯುವುದಿಲ್ಲ. ನಮ್ಮ ಕೋರಿನಲ್ಲಿ ಅದು 310 ಸೆಂ.ಮೀ.ನಲ್ಲಿದೆ. ನೀರಿನ 38 ಮೀಟರಿಗೆ 3.1 ಸೇರಿಸಿ: ಇಂದಿನ ಕಡಲ ಮಟ್ಟದಿಂದ 41.1 ಮೀಟರ್ ಕೆಳಗೆ. ವಯಸ್ಸು 10,000 ವರ್ಷಗಳ ಆಸುಪಾಸು ಬಂದರೆ ಜಗತ್ತಿನ ಬೇರೆ ದಾಖಲೆಗಳ ಜೊತೆ ಅದು ಹೊಂದುತ್ತದೆ. ಪೀಟ್ ಸಿಹಿನೀರಿನ ಜವುಗಿನದಾದರೆ ಕಡಲು ಆಗ ಅದಕ್ಕಿಂತ ಕೆಳಗಿತ್ತು ಅಂತಷ್ಟೇ ಹೇಳಬಹುದು. ಉಪ್ಪುಜವುಗಿನದೋ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನದೋ ಆದರೆ ಕಡಲ ಮಟ್ಟವನ್ನು ಹತ್ತಿರಹತ್ತಿರ ಹೇಳಬಹುದು, ಏಕೆಂದರೆ ಅವು ಬೆಳೆಯುವುದೇ ಉಬ್ಬರವಿಳಿತದ ಗೆರೆಗಳ ನಡುವೆ.

ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದ ಬಗ್ಗೆ ಅಮೆರಿಕದ ವಿಜ್ಞಾನಿ ರಿಚರ್ಡ್ ಫೇರ್‌ಬ್ಯಾಂಕ್ಸ್ 1989ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ತರ್ಕದ್ದು. ಅಕ್ರೊಪೋರಾ ಪಾಲ್ಮಾಟಾ ಎಂಬ ಹವಳ ಬೆಳೆಯುವುದು ನೀರಿನ ಮೇಲ್ಭಾಗದ ಕೆಲವೇ ಮೀಟರುಗಳಲ್ಲಿ. ಅದು ಆಳದಲ್ಲಿ ಸಿಕ್ಕಿತು ಅಂದರೆ ಒಂದು ಕಾಲಕ್ಕೆ ಕಡಲ ಮಟ್ಟ ಅಲ್ಲಿತ್ತು. ಸುಂಡಾ ಖಂಡಾವರಣದಲ್ಲಿ ಹವಳದ ಬದಲು ಕಾಂಡ್ಲಾದಂಥ ದಡದ ಸಸ್ಯಗಳ ಉಳಿಕೆಗಳು ಆ ಕೆಲಸ ಮಾಡಿದವು. 14,600ರಿಂದ 14,300 ವರ್ಷಗಳ ಹಿಂದೆ ಅಲ್ಲಿ ಕಡಲು 16 ಮೀಟರ್ ಏರಿದ್ದನ್ನು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಂತ 9: ದಾರಿ ತಪ್ಪಿಸುವವು

ಬಿರುಗಾಳಿಯ ಪದರಕ್ಕೂ ಬುಡದಲ್ಲಿ ಚೂಪು ಗೆರೆ, ಚಿಪ್ಪಿನ ಚೂರು ಇರುತ್ತವೆ. ಗೆರೆಯ ಕೆಳಗೂ ಮೇಲೂ ಒಂದೇ ಬಗೆಯ ಕೆಸರಿದ್ದರೆ ಅದು ಬಿರುಗಾಳಿ. ಪರಿಸರವೇ ಬದಲಾಗಿದ್ದರೆ ಮಾತ್ರ ಕಡಲೇರಿಕೆಯ ಕೊರೆತ ಎನ್ನಿ.

ನೆಲವೂ ಸುಮ್ಮನಿರುವುದಿಲ್ಲ. ಹಿಮದ ಭಾರ ಇಳಿದ ಮೇಲೆ ಬಾಲ್ಟಿಕ್‌ನ ಬೋತ್ನಿಯಾ ಕೊಲ್ಲಿಯ ಉತ್ತರದ ನೆಲ ಇಂದಿಗೂ ವರ್ಷಕ್ಕೆ 8-9 ಮಿ.ಮೀ. ಮೇಲೇಳುತ್ತಿದೆ. ಅಲ್ಲಿ ಕಡಲು ಹಿಂದೆ ಸರಿದಂತಾಗಿ ಪದರಗಳ ಕ್ರಮವೇ ತಿರುಗಿ, ಆಳದ ಕೆಸರಿನ ಮೇಲೆ ದಡದ ಮರಳು ಬರುತ್ತದೆ. ಮಿಸಿಸಿಪ್ಪಿಯಂಥ ಮುಖಜಭೂಮಿಯಲ್ಲಿ ನೆಲ ಕುಸಿಯುವುದರಿಂದ ಕಡಲೇರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೋರ್ ತೋರಿಸುವುದು ನೆಲಕ್ಕೂ ಕಡಲಿಗೂ ನಡುವಿನ ಅಂತರವನ್ನು, ಕಡಲನ್ನೊಂದನ್ನೇ ಅಲ್ಲ.

ಹಂತ 10: ಇಂದಿನ ದಡಕ್ಕೆ ತಂದು ನೋಡಿ

2006ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ವರ್ಷಕ್ಕೆ ಸರಾಸರಿ 3.7 ಮಿ.ಮೀ. ಏರಿತು. ಹಿಮಯುಗದ ಕೊನೆಯ ಓಟದ ಮುಂದೆ ಇದು ಚಿಕ್ಕದು. ಆದರೆ ಅಂದು ನದಿಗಳಿಗೆ ಅಡ್ಡಗಟ್ಟೆ ಇರಲಿಲ್ಲ. 1970ರಲ್ಲಿ ಆಸ್ವಾನ್ ಎತ್ತರದ ಅಣೆಕಟ್ಟು ಮುಗಿದ ಮೇಲೆ ನೈಲ್ ನದಿಯ ಹೂಳು ಮೆಡಿಟರೇನಿಯನ್‌ಗೆ ಹೋಗುವುದು ಹೆಚ್ಚುಕಡಿಮೆ ನಿಂತೇಹೋಯಿತು, ಮುಖಜಭೂಮಿಯ ಅಂಚಿನ ಕೊರೆತ ಜೋರಾಯಿತು. ಆರನೇ ಹಂತದ ಪೈಪೋಟಿಯಲ್ಲಿ ನದಿಯ ಕೈ ನಾವೇ ಕಟ್ಟಿದ್ದೇವೆ. ನನಗೆ ಏರಿಕೆಯ ಅಂಕಿಗಿಂತ ಹೆಚ್ಚು ಕಳವಳ ಕೊಡುವುದು ಇದು.

ದಡ ಎಷ್ಟು ಸರಿದೀತು ಎಂದು ಹೇಳಲು ಕರಾವಳಿ ಎಂಜಿನಿಯರ್ ಪೆರ್ ಬ್ರೂನ್ 1962ರಲ್ಲಿ ಕೊಟ್ಟ ಸೂತ್ರವನ್ನು ಈಗಲೂ ಬಳಸುತ್ತಾರೆ. ಮರಳಿನ ಬೀಚು, ಮರಳು ಹೊರಗಿಂದ ಬಾರದ ಹೊರಗೆ ಹೋಗದ ಜಾಗ, ಇಷ್ಟಿದ್ದರೆ ಮಾತ್ರ ಅದು ಹೊಂದುತ್ತದೆ. ಅಳಿವೆಯ ಬಾಯಿಗೆ, ಕೆಸರಿನ ದಡಕ್ಕೆ, ಕಲ್ಲಿನ ತಳಕ್ಕೆ ಅದನ್ನು ಹಾಕಿ ಬಂದ ಉತ್ತರವನ್ನು ಯಾರಿಗೂ ಕೊಡಬೇಡಿ. ಮುಳುಗಿದ ದಿಣ್ಣೆಗಳಿಂದ ಮರಳು ಎತ್ತಿ ಬೀಚಿಗೆ ಸುರಿಯುವ ಯೋಜನೆಗಳೂ ಇವೆ. ಅಂಥದ್ದಕ್ಕೆ ಸಲಹೆ ಕೇಳಿದರೆ ನಾನು ಮೊದಲು ನೋಡುವುದು ಏಳನೇ ಹಂತವನ್ನು: ಆ ಮರಳು ಹಳೆಯ ಉಳಿಕೆಯಾದರೆ, ಎತ್ತಿದ ಗುಂಡಿಯನ್ನು ತುಂಬಲು ಹೊಸ ಮರಳು ಬರುವುದಿಲ್ಲ.

ಕೊನೆಗೆ ಕೋರಿನ ಟಿಪ್ಪಣಿ. ಪ್ರತಿ ಪದರದ ಮುಂದೆ ಮೂರು ಅಂಕಣ ಹಾಕಿ: ಕಣ್ಣಿಗೆ ಕಂಡದ್ದು, ಅದರಿಂದ ಊಹಿಸಿದ್ದು, ಇರಬೇಕಿತ್ತು ಆದರೆ ಇಲ್ಲದ್ದು. ಮೂರನೆಯದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ನಮ್ಮ ಮಾದರಿ ಕೋರಿನಲ್ಲಿ ಒಂದು ಸಾಲು ಹೀಗಿರುತ್ತದೆ:

205 ಸೆಂ.ಮೀ. — ಚೂಪು ಗೆರೆ, ಮರಳು ತುಂಬಿದ ಬಿಲಗಳು. ಅಲೆಗಳ ಕೊರೆತ. ದಿಣ್ಣೆ ಮತ್ತು ಬೀಚು ಇಲ್ಲ. ಕನಿಷ್ಠ ಕೆಲವು ಮೀಟರ್ ಮಣ್ಣು ಹೋಗಿದೆ.